ಅಲ್ಲಾಲನ ಬಂದೂಕಿನ ಕತ್ತು

ಬಟ್ಟೆಯ ಗಂಟು ಬಿಚ್ಚುವ ಮೊದಲೇ ಅದರೊಳಗೆ ಏನಿದೆಯೆಂದು ಬೂಶ್ತಾನಿಗೆ ಗೊತ್ತಾಗಿಹೋಯಿತು. ಯಾಮ್ನಾ ಅದನ್ನು ಕೆಲಸದ ಹಲಗೆಯ ಮೇಲೆ ಇಟ್ಟಾಗ ಬಂದ ಸದ್ದೇ ಸಾಕಾಯಿತು. ಒಂದು ಸದ್ದಲ್ಲ, ಎರಡು. ಮೊದಲು ನಳಿಗೆಯ ಉದ್ದನೆಯ ಭಾರ, ಅದರ ಬೆನ್ನಿಗೇ ಹಿಂಬದಿಯ ಮರದ ತುಂಡು, ಒಲ್ಲದ ಮನಸ್ಸಿನಿಂದ ಜೊತೆಗೆ ಬಂದವರ ಹಾಗೆ. ಅವನು ಅರವನ್ನು ಕೆಳಗಿಟ್ಟು ಕೈಯನ್ನು ತೊಡೆಗೆ ಒರೆಸಿಕೊಂಡ. ಒರೆಸಿಕೊಳ್ಳುವಂಥದ್ದು ಕೈಯಲ್ಲಿ ಏನೂ ಇರಲಿಲ್ಲ. ಬಾಗಿಲ ಆಚೆ ಕಾಸಾಬ್ಲಾಂಕಾ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಬಿಸಿಲಿನ ಪಟ್ಟಿಯಲ್ಲಿ ಒಳಗೆ ಬಂದು, ಕೂರಲೋ ಬೇಡವೋ ಎಂದು ಯೋಚಿಸುತ್ತ ಗಂಟಿನ ಮೇಲೆ ತೇಲುತ್ತಿತ್ತು.

“ಚಿಕ್ಕಪ್ಪ, ಅಪ್ಪಂದು,” ಎಂದಳು ಯಾಮ್ನಾ. “ಎರಡು ತುಂಡಾಗಿದೆ. ಗುರುವಾರಕ್ಕೆ ಬೇಕು.”

ಇವತ್ತು ಮಂಗಳವಾರ. ಗುರುವಾರ ಊರಾಚೆ ಬಯಲಿನಲ್ಲಿ ಸವಾರರ ಹಬ್ಬ, ಸಾಲಾಗಿ ಕುದುರೆ ಓಡಿಸಿ ಬಂದೂಕುಗಳನ್ನು ಒಟ್ಟಿಗೆ ಹಾರಿಸುವ ದಿನ.

“ಆರು ವರ್ಷ ಎಲ್ಲಿತ್ತು ಇದು?”

“ಗೋಧಿ ಮೂಟೆ ಹಿಂದೆ. ಅಮ್ಮ ಮುಟ್ಟೋಕೆ ಬಿಡ್ತಿರಲಿಲ್ಲ. ಈಗ್ಲೂ ಕೇಳಿಲ್ಲ, ಎತ್ಕೊಂಡು ಬಂದೆ.”

“ತಂಡದಿಂದ ಹಮ್ಮಾದಿ ನಿಂಗೆ ಬೇರೆ ಬಂದೂಕು ಕೊಟ್ಟಿದಾನಲ್ಲ?”

“ಕೊಟ್ಟಿದಾರೆ. ಅದರಲ್ಲೇ ಎರಡು ಸಲ ತಡ ಮಾಡಿದೆ.” ಅವಳು ಗೋಡೆಗೆ ನೇತುಹಾಕಿದ್ದ ಗರಗಸಗಳನ್ನು ನೋಡುತ್ತ ಹೇಳಿದಳು. “ಎಲ್ಲರದೂ ಹಾರಿದ ಮೇಲೆ ನಂದು. ಹಮ್ಮಾದಿ ಮಾವ ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ‘ಹೋಗ್ಲಿ ಬಿಡಮ್ಮ, ಅದು ನಿಮ್ಮಪ್ಪನ ಕೈ’ ಅಂದ್ರು. ಅಪ್ಪನ ನಡುಕ ನಂಗೂ ಬಂದಿದೆಯಂತೆ. ಬಂದಿರಬಹುದು. ಅಪ್ಪನ ಬಂದೂಕಲ್ಲೇ ಒಂದು ಸಲ ನೋಡ್ತೀನಿ. ಅದರಲ್ಲೂ ತಡವಾದ್ರೆ ಕುದುರೆ ಮಾರಿ ಸುಮ್ನೆ ಮನೇಲಿ ಕೂತ್ಕೋತೀನಿ.”

“ನೋಡ್ತೀನಿ,” ಎಂದ ಬೂಶ್ತಾ.

“ನೋಡ್ತೀನಿ ಅಂದ್ರೆ ಆಗುತ್ತೆ ಅಂತಾನಾ?”

“ನೋಡ್ತೀನಿ ಅಂದ್ರೆ ನೋಡ್ತೀನಿ ಅಂತ.”

ಅವಳು ಮೊಪೆಡ್ ತಿರುಗಿಸಿಕೊಂಡು ಹೋದಳು. ಆ ಸದ್ದು ಎಣ್ಣೆ ಗಾಣದ ಮೂಲೆಯಲ್ಲಿ ತಿರುಗಿ ಕರಗುವವರೆಗೂ ಅವನು ಗಂಟನ್ನು ಮುಟ್ಟಲಿಲ್ಲ. ಮುಟ್ಟಿದಾಗ ಬಟ್ಟೆ ಅವಳಪ್ಪ ಅಲ್ಲಾಲನ ಬಿಳಿ ಉಣ್ಣೆಯ ನಿಲುವಂಗಿಯದೇ ಎಂದು ತಿಳಿಯಿತು. ಆವತ್ತು ಧೂಳಿನಲ್ಲಿ ಬಿದ್ದ ತುಂಡುಗಳನ್ನು ಆರಿಸಿ ಸುತ್ತಿಕೊಂಡದ್ದು ಇದರಲ್ಲೇ. ಅಕ್ರೋಟು ಮರ ಕಪ್ಪು ಜೇನಿನ ಬಣ್ಣಕ್ಕೆ ತಿರುಗಿತ್ತು. ನಳಿಗೆಯನ್ನು ಅಪ್ಪಿಕೊಂಡ ಬೆಳ್ಳಿಯ ಪಟ್ಟಿಗಳು ಮಂಕಾಗಿದ್ದವು. ಹಿಂಬದಿಯ ಅಗಲ ತುಂಡಿನ ಮೇಲೆ ಒಂಟೆ ಮೂಳೆಯ ಚುಕ್ಕಿಗಳಿದ್ದವು, ಅಲ್ಲಾಲನ ಅಜ್ಜನ ಕಾಲದವು. ಕೈ ಹಿಡಿಯುವಲ್ಲಿ, ಮರ ಸಣ್ಣಗಾಗಿ ಕತ್ತಿನ ಹಾಗೆ ಬಾಗುವಲ್ಲಿ, ಬಂದೂಕು ಎರಡಾಗಿತ್ತು. ಮುರಿದ ಜಾಗಕ್ಕೆ ಅಡ್ಡಲಾಗಿ ಮೂಳೆಯದೇ ಒಂದು ಬಾಲಚಂದ್ರ, ಅರ್ಧ ಈ ತುಂಡಿನಲ್ಲಿ, ಅರ್ಧ ಆ ತುಂಡಿನಲ್ಲಿ. ಅದು ಮಾತ್ರ ಅಜ್ಜನ ಕಾಲದ್ದಲ್ಲ. ಅದನ್ನು ಕೂರಿಸಿದವನು ಬೂಶ್ತಾ.

ಮುರಿದ ಮರ ಒಣಗಿದ ರೊಟ್ಟಿಯ ಅಂಚಿನ ಹಾಗೆ ಒರಟಾಗಿರಬೇಕು, ನಾರುಗಳು ಎದ್ದು ನಿಂತಿರಬೇಕು. ಇದು ನುಣುಪಾಗಿ ಹೊಳೆಯುತ್ತಿತ್ತು. ಅವನು ಉಗುರಿನಿಂದ ಕೆರೆದ. ಹಳೆಯ ಅಂಟು ಈರುಳ್ಳಿಯ ಒಳಪೊರೆಯಂತೆ ಇಡಿಯಾಗಿ ಎದ್ದು ಬಂದು ಅವನ ಬೆರಳಿಗೆ ಅಂಟಿಕೊಂಡಿತು. ಬಿಸಿಲಿಗೆ ಹಿಡಿದರೆ ಆಚೆಯ ಬೆಳಕು ಕಾಣುತ್ತಿತ್ತು. ಮರಕ್ಕೆ ಅದು ಕಚ್ಚಿಕೊಂಡೇ ಇರಲಿಲ್ಲ. ಆರು ವರ್ಷ ಗೋಧಿ ಮೂಟೆಯ ಹಿಂದೆ ಬಿದ್ದಿದ್ದ ಈ ಎರಡು ಮುಖಗಳನ್ನು ಕೆಲಸ ಬಲ್ಲ ಯಾರಾದರೂ ಒಂದು ಸಲ ತಿರುವಿ ನೋಡಿದ್ದರೆ ಸಾಕಿತ್ತು. ಈ ಸೀಮೆಯಲ್ಲಿ ಈ ಕೆಲಸ ಬಲ್ಲವನು ಅವನೊಬ್ಬನೇ.

ಎಣ್ಣೆ. ಹಬ್ಬಕ್ಕೆ ಮುಂಚೆ ಮನೆಯ ಹೆಂಗಸರು ಬಂದೂಕಿಗೆ ಆಲಿವ್ ಎಣ್ಣೆ ತಿಕ್ಕುತ್ತಾರೆ, ಮದುವಣಗಿತ್ತಿಗೆ ತಿಕ್ಕಿದ ಹಾಗೆ, ಹಾಡುತ್ತ. ನೂರು ವರ್ಷದ ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಸೀಮೆಸುಣ್ಣದ ಪುಡಿಯನ್ನು ಕಲಸಿ ಬಿರುಕಿಗೆ ಮೆತ್ತಬೇಕು, ಬೆಚ್ಚಗಿಡಬೇಕು, ಸುಣ್ಣ ಎಣ್ಣೆಯನ್ನು ಹೀರಿ ಕಂದಾಗುತ್ತದೆ. ಕಿತ್ತು ಮತ್ತೆ ಮೆತ್ತಬೇಕು. ಸುಣ್ಣ ಬೆಳ್ಳಗೇ ಉಳಿಯುವ ದಿನ ಅಂಟು ಕಾಯಿಸಬೇಕು. ಎಂಟು ದಿನವಾಗಬಹುದು, ಹತ್ತಾಗಬಹುದು. ಇದನ್ನು ಹೇಳಿಕೊಟ್ಟ ಅವನ ತಂದೆ ಸುಣ್ಣದ ಬಿಲ್ಲೆಯನ್ನು ನಾಲಗೆಗೆ ಮುಟ್ಟಿಸಿ ನೋಡುತ್ತಿದ್ದ. ಆ ನಾಲಗೆ ಸದಾ ಬೆಳ್ಳಗಿರುತ್ತಿತ್ತು. ಸಾಯುವ ದಿನ ವೈದ್ಯರು ಅದನ್ನು ಕಂಡು ಏನೋ ರೋಗವೆಂದುಕೊಂಡಿದ್ದರು. ಆರು ವರ್ಷದ ಹಿಂದೆ ಅಲ್ಲಾಲ್ ಬಂದು ಇದೇ ಹಲಗೆಯ ಅಂಚಿಗೆ ಕೂತು, ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿ, ಹಬ್ಬಕ್ಕೆ ಎರಡೇ ದಿನ ಕಣಯ್ಯ ಎಂದಾಗ ಬೂಶ್ತಾ ಆಗುವುದಿಲ್ಲ ಎನ್ನಲಿಲ್ಲ. ಮೂವತ್ತು ವರ್ಷ ತಂಡದ ಮುಂದಾಳಾಗಿದ್ದವನು ತನ್ನ ಅಂಗಡಿಯಲ್ಲಿ ಕೂತು ಪುದೀನ ಟೀ ಕುಡಿಯುತ್ತಿದ್ದಾನೆ, ಬೀದಿಯವರು ನೋಡುತ್ತಿದ್ದಾರೆ. ಆಗುವುದಿಲ್ಲ ಎಂಬ ಮಾತು ಗಂಟಲವರೆಗೆ ಬಂದು, ಟೀಯ ಸಕ್ಕರೆಗೆ ಕರಗಿ ಹಿಂದಕ್ಕೆ ಹೋಯಿತು. ಅಂಟು ಹಚ್ಚಿದ. ಮೇಲೆ ಬಾಲಚಂದ್ರ ಕೂರಿಸಿದ. ಅಲ್ಲಾಲ್ ಅದನ್ನು ಹೆಬ್ಬೆರಳಿನಲ್ಲಿ ಸವರಿ, “ಗಾಯಕ್ಕೆ ಒಡವೆ ತೊಡಿಸ್ತೀಯಲ್ಲೋ ಕಳ್ಳ,” ಎಂದು ನಕ್ಕ. ಬೂಶ್ತಾನಿಗೆ ಆಗ ಹೆಮ್ಮೆಯಾಗಿತ್ತು. ಈಗ ನಾಚಿಕೆಯಾಗುವುದು ತಪ್ಪಿಗಿಂತ ಹೆಚ್ಚಾಗಿ ಆ ಹೆಮ್ಮೆಗೆ.

ಮರದ ಗೆರೆಗಳನ್ನೇ ನೋಡುತ್ತ ಕೂತರೆ ಅವು ಹರಿಯತೊಡಗುತ್ತವೆ. ಕತ್ತಿನ ಕಡೆಗೆ ಒತ್ತೊತ್ತಾಗಿ, ಕಣಿವೆಗೆ ಇಳಿಯುವ ನೀರಿನ ಹಾಗೆ. ಆ ನೀರಿನಾಚೆ ಆವತ್ತಿನ ಹದಿಮೂರು ಕುದುರೆಗಳು ಒಂದೇ ಸಾಲಿನಲ್ಲಿ ಬರುತ್ತಿವೆ. ಗೊರಸಿನ ಸದ್ದಿಲ್ಲ. ಸವಾರರು ರಿಕಾಪಿನ ಮೇಲೆ ಎದ್ದು ನಿಂತಿದ್ದಾರೆ, ಹದಿಮೂರು ಬಿಳಿ ನಿಲುವಂಗಿಗಳು ಗಾಳಿ ತುಂಬಿ ಒಂದೇ ಹಾಯಿಯಾಗಿವೆ. ಗುಂಡಿಲ್ಲ, ಬರೀ ಮದ್ದು, ಯಾರನ್ನೂ ಕೊಲ್ಲಲಿಕ್ಕಲ್ಲ. ಹದಿಮೂರು ಬಂದೂಕು ಸೇರಿ ಒಂದೇ ಒಂದು ಸದ್ದು ಮಾಡಬೇಕು, ಅಷ್ಟಕ್ಕೇ ಇಷ್ಟೆಲ್ಲ. ಊರೆಲ್ಲ ಕುದುರೆಗಳನ್ನು ನೋಡುತ್ತಿದ್ದಾಗ ಹಗ್ಗದ ಪಕ್ಕ ನಿಂತ ಬೂಶ್ತಾ ಒಂದು ಬಂದೂಕಿನ ಕತ್ತನ್ನು ಮಾತ್ರ ನೋಡುತ್ತಿದ್ದ. ಅಲ್ಲಾಲ್ ಅದನ್ನು ಮೇಲೆತ್ತಿದ. ಕತ್ತಿನ ಅಡ್ಡಕ್ಕೆ ಬೆಳಕಿನ ಒಂದು ಎಳೆ ಕಾಣಿಸಿತು. ಮರದ ನಡುವೆ ಆಕಾಶ. ಎಷ್ಟು ನೀಲಿಯಾಗಿತ್ತೆಂದರೆ, ಒಂದು ಕ್ಷಣ ಅವನಿಗೆ ಭಯದ ಬದಲು ಬೆರಗಾಯಿತು. ಆಮೇಲೆ ಹನ್ನೆರಡು ಒಟ್ಟಿಗೆ, ಒಂದೇ ಏಟಿನಂತೆ. ಆಮೇಲೆ, ಕೆಳಗೆ ಬೀಳುತ್ತ ಎಲ್ಲಿಗೋ ತಗುಲಿ ಹೊತ್ತಿಕೊಂಡ ಒಂಟಿ ಸದ್ದು.

ತಡವಾದವನು ಬಂದೂಕನ್ನು ದೂರಬಾರದು. ಇದು ಸವಾರರಲ್ಲಿ ಮೊಲೆಹಾಲಿನ ಜೊತೆ ಬಂದ ಮಾತು. ತಡವಾಗುವುದು ಅವಮಾನ, ತಪ್ಪನ್ನು ಬಂದೂಕಿನ ಮೇಲೆ ಹಾಕುವುದು ಅದಕ್ಕಿಂತ ಕೀಳು. ಅಲ್ಲಾಲ್ ಕುದುರೆಯಿಂದಿಳಿದ, ತುಂಡುಗಳನ್ನು ಆರಿಸಿಕೊಂಡ, ಕೇಳಲು ಬಂದವರಿಗೆಲ್ಲ ಒಂದೇ ಮಾತು ಹೇಳಿದ: ಕೈ ನಡುಗಿತು, ಜೀನಿಗೆ ಬಡಿದು ಮುರೀತು. ಹೇಳುತ್ತ ಹೇಳುತ್ತ ಅವನೇ ಅದನ್ನು ನಂಬಿದ. ಮೂರು ಹೆಜ್ಜೆ ದೂರದಲ್ಲಿ ಬೂಶ್ತಾ ಬಾಯಿ ತೆರೆದಿದ್ದ. ಬಾಯಲ್ಲಿ ಮದ್ದಿನ ಹೊಗೆ ತುಂಬಿಕೊಂಡಿತು. ನಾಳೆ ಹೇಳೋಣ ಎಂದುಕೊಂಡ. ಮರುದಿನ ಅಲ್ಲಾಲ್ ಮುಂದಾಳುತನವನ್ನು ಹಮ್ಮಾದಿಗೆ ಬಿಟ್ಟುಕೊಟ್ಟ ಸುದ್ದಿ ಬಂತು. ಶುಕ್ರವಾರದ ನಮಾಜಿನಲ್ಲಿ ಅಲ್ಲಾಲ್ ದೂರದ ಸಾಲಿನಲ್ಲಿದ್ದ. ಆಮೇಲೆ ಗೋಧಿ ಕೊಯ್ಲು. ಹೇಳದ ಮಾತು ಮನೆಯಲ್ಲಿ ಉಳಿದುಕೊಂಡ ನೆಂಟನ ಹಾಗೆ. ಮೊದಲ ವಾರ ಕಷ್ಟ, ಆಮೇಲೆ ಅವನಿಗೂ ಒಂದು ತಟ್ಟೆ ಹಾಕುತ್ತೇವೆ. ಹೋದ ಚಳಿಗಾಲದಲ್ಲಿ ಹೆಣಕ್ಕೆ ಹೆಗಲು ಕೊಟ್ಟಾಗ ಅಲ್ಲಾಲ್ ಬಹಳ ಹಗುರವಾಗಿದ್ದ, ಅದು ಬೂಶ್ತಾನಿಗೆ ಇನ್ನೂ ಸರಿಹೋಗಿಲ್ಲ.

“ರೀ, ಅಲ್ಲಾಲನ ಮಗಳು ಬಂದಿದ್ದಳಾ?” ಹೆಂಡತಿ ತಾಮೂ ಒಳಬಾಗಿಲಿನಿಂದ ಹಿಟ್ಟಿನ ಕೈಯಲ್ಲೇ ಬಂದಳು. ಹಲಗೆಯ ಮೇಲಿನದನ್ನು ನೋಡಿ ದನಿ ತಗ್ಗಿಸಿದಳು. “ಅಯ್ಯೋ, ಇದಾ.”

“ಗುರುವಾರಕ್ಕೆ ಬೇಕಂತೆ.”

“ಕೊಡಿ ಮತ್ತೆ. ಪಾಪ, ಆ ಹುಡುಗಿಗಾದ್ರೂ ನೆಟ್ಟಗಾಗ್ಲಿ. ಅವಳಮ್ಮ ಸ್ನಾನದ ಹಮಾಮಿನಲ್ಲಿ ಸಿಕ್ಕಾಗ ಹೇಳ್ತಿದ್ಲು, ಅಲ್ಲಾಲಣ್ಣ ಆವತ್ತಿಂದ ಸಾಯೋವರೆಗೂ ಮೊಮ್ಮಗೂನ ಒಂದು ದಿನಾನೂ ಎತ್ಕೊಳ್ಲಿಲ್ಲವಂತೆ. ಬೀಳಿಸಿಬಿಡ್ತೀನಿ ಅಂತ. ಪಕ್ಕದಲ್ಲಿ ಕೂತು ನೋಡೋರಂತೆ, ಕೈ ಎರಡೂ ತೊಡೆ ಕೆಳಗೆ ಇಟ್ಕೊಂಡು.” ಅವಳು ಮೂಗನ್ನು ಮೊಣಕೈಯಿಂದ ಒರೆಸಿದಳು. “ನಿಮಗೇನಾಯ್ತು? ಮುಖ ಹಾಗಿದೆ.”

“ಹೊಗೆ.”

“ಒಲೇನೇ ಹಚ್ಚಿಲ್ಲ, ಹೊಗೆಯಂತೆ,” ಎನ್ನುತ್ತ ಅವಳು ಒಳಗೆ ಹೋದಳು.

ಒಲೆ ಹಚ್ಚಿದ. ಬಿಸಿನೀರಿನ ಪಾತ್ರೆಯೊಳಗೆ ಅಂಟಿನ ಕುಡಿಕೆ ಇಟ್ಟ. ಕೈಗಳು ತಾವಾಗಿಯೇ ಎಲ್ಲ ಮಾಡುತ್ತಿದ್ದವು; ಅವನು ಸ್ವಲ್ಪ ಹಿಂದೆ ನಿಂತು ನೋಡುತ್ತಿದ್ದ. ಸತ್ತವನು ಸತ್ತ. ಇವಳಿಗೆ ಗುರುವಾರಕ್ಕೆ ಬಂದೂಕು ಬೇಕು. ಈ ಸಲ ಒಳಗೆ ಕಬ್ಬಿಣದ ಮೊಳೆ ಹಾಯಿಸೋಣ, ಮೇಲೆ ಹಸಿ ಚರ್ಮ ಬಿಗಿದು ಹೊಲಿಯೋಣ, ಚರ್ಮ ಒಣಗುತ್ತ ಕುಗ್ಗಿ ಹಿಡಿದುಕೊಳ್ಳುತ್ತದೆ. ಗುರುವಾರ ಒಂದು ದಿನ ತಡೆದರೆ ಸಾಕು, ಆಮೇಲೆ ನಿಧಾನಕ್ಕೆ ತರಿಸಿಕೊಂಡು ಎಣ್ಣೆ ತೆಗೆದು ಸರಿಮಾಡೋಣ. ಅಂಟು ಕರಗಿ ಕುದುರೆಯ ಗೊರಸಿನ ವಾಸನೆ ಬಂತು. ಕುಂಚದಿಂದ ಹಚ್ಚಿದ. ಎರಡು ಮುಖಗಳನ್ನು ಸೇರಿಸಿದ. ಎಷ್ಟು ಚೆನ್ನಾಗಿ ಕೂತವೆಂದರೆ, ಬಾಲಚಂದ್ರ ಮತ್ತೆ ಒಂದಾಗಿ, ಏನೂ ಆಗಿಯೇ ಇಲ್ಲ ಎಂಬಂತೆ ಅವನನ್ನು ನೋಡಿತು. ಬೀದಿ ನಿಶ್ಶಬ್ದವಾಯಿತು. ಅವನಿಗೆ ಒಂದು ವಿಚಿತ್ರ ಸುಖವಾಯಿತು, ಬಿಸಿನೀರಿನಲ್ಲಿ ಕೂತವನಿಗೆ ಆಗುವಂಥದ್ದು. ಆ ಮಂಪರಿನಲ್ಲಿ ಅಲ್ಲಾಲ್ ಎದುರಿಗೇ ಹಲಗೆಯ ಅಂಚಿನಲ್ಲಿ ಕೂತಿದ್ದಾನೆ, ಮೊಮ್ಮಗು ಅವನ ತೋಳಿನಲ್ಲಿದೆ, ಬಾಲಚಂದ್ರವನ್ನು ಹಿಡಿಯಲು ಕೈ ಚಾಚುತ್ತಿದೆ. ಕೊಡು, ಕೊಡು, ಮಗೂಗೆ ಆಡೋಕೆ ಕೊಡು ಎನ್ನುತ್ತಿದ್ದಾನೆ ಅಲ್ಲಾಲ್. ಬೂಶ್ತಾ ಕೊಡಲಾರ. ಕೈ ಬಿಟ್ಟರೆ ಬಿಟ್ಟುಹೋಗುತ್ತದೆ. ಅಂಟು ಆರುವವರೆಗೆ ಹಿಡಿದೇ ಇರಬೇಕು. ಎಷ್ಟು ಹೊತ್ತು ಎಂದು ಕೇಳುತ್ತಾನೆ ಅಲ್ಲಾಲ್.

ಆಗ ಬಯಲಿನ ಕಡೆಯಿಂದ ಸದ್ದು ಬಂತು. ತಂಡ ಅಭ್ಯಾಸಕ್ಕೆ ಇಳಿದಿತ್ತು. ಹನ್ನೆರಡು, ಒಟ್ಟಿಗೆ. ಅವನು ಉಸಿರು ಹಿಡಿದ. ಒಂದು.

ನಡುವೆ ಬಹಳ ಹೊತ್ತೇನಲ್ಲ, ಕಣ್ಣು ಮಿಟುಕಿಸುವಷ್ಟು. ಆದರೆ ಆ ಸಂದಿನಲ್ಲಿ ಒಬ್ಬ ಮನುಷ್ಯನ ಆರು ವರ್ಷ ಹಿಡಿದಿತ್ತೆಂದು ಅವನಿಗೆ ಗೊತ್ತಿತ್ತು. ಇನ್ನೊಬ್ಬಳ ಎಷ್ಟು ವರ್ಷ ಹಿಡಿದೀತು ಎಂದು ಅಳೆಯುವ ಕೋಲು ಅವನ ಅಂಗಡಿಯಲ್ಲಿರಲಿಲ್ಲ. ಅವನು ಎರಡು ತುಂಡುಗಳನ್ನೂ ಎಳೆದ. ಸುಲಭವಾಗಿ ಬಂದವು, ಅಂಟು ನೂಲಾಗಿ ಎಳೆದುಕೊಂಡು ಕಡಿಯಿತು. ಬಿಸಿನೀರಿನ ಬಟ್ಟೆಯಿಂದ ಒರೆಸಿದ, ನಿಲುವಂಗಿಯಲ್ಲಿ ಸುತ್ತಿದ, ಬಾಗಿಲು ಹಾಕದೆ ಹೊರಟ.

ಗಾಣದ ಮೂಲೆ, ಅಂಜೂರದ ಬೇಲಿ, ಬಯಲು. ಬಿಸಿಲು ನೆತ್ತಿಗೆ ಬಂದು ದೂರದ ಕುದುರೆಗಳು ನೀರಿನ ಮೇಲೆ ನಿಂತಂತೆ ಕಾಣುತ್ತಿದ್ದವು. ಯಾಮ್ನಾ ಗುಡಾರದ ಹೊರಗೆ ತನ್ನ ಬೂದು ಕುದುರೆಯ ಜೀನು ಸಡಿಲಿಸುತ್ತಿದ್ದಳು. ಅವನ ಕೈಯಲ್ಲಿದ್ದ ಗಂಟು ನೋಡಿ ಮುಖ ಅರಳಿತು.

“ಇಷ್ಟು ಬೇಗ ಆಯ್ತಾ ಚಿಕ್ಕಪ್ಪ?”

“ಆಗಿಲ್ಲ. ಗುರುವಾರಕ್ಕೆ ಆಗಲ್ಲ ಮಗಳೇ. ಹತ್ತು ದಿನ ಬೇಕು, ಎಣ್ಣೆ ತೆಗೀಬೇಕು.” ಇಷ್ಟು ಹೇಳಿ ಹಿಂದಿರುಗಬಹುದಿತ್ತು. ಅದೂ ನಿಜವೇ. ಅರ್ಧ ನಿಜ ಎಷ್ಟು ಒಳ್ಳೆಯ ಹಾಸಿಗೆ. “ಆವತ್ತೂ ಹತ್ತು ದಿನ ಬೇಕಿತ್ತು. ನಾನು ಎರಡೇ ದಿನದಲ್ಲಿ ಮಾಡ್ಕೊಟ್ಟೆ. ಎಣ್ಣೆ ಮೇಲೇ ಅಂಟು ಹಾಕಿದ್ದೆ. ಅದು ನಿಮ್ಮಪ್ಪ ಮೇಲೆತ್ತಿದಾಗ ಗಾಳಿಯಲ್ಲೇ ಬಿಟ್ಕೊಂಡಿತು. ಜೀನಿಗೆ ಬಡಿದು ಮುರಿದಿದ್ದಲ್ಲ. ನಾನು ನೋಡ್ತಾ ನಿಂತಿದ್ದೆ.”

ಕುದುರೆ ತಲೆ ಕೊಡವಿತು. ಅವಳು ಪಟ್ಟಿಯನ್ನು ಇನ್ನೂ ಒಂದು ತೂತು ಸಡಿಲಿಸಿದಳು, ಆಮೇಲೆ ಇನ್ನೊಂದು.

“ಅಪ್ಪ ಕೈಗೆ ಬಟ್ಟೆ ಸುತ್ತಿ ಮಲಗ್ತಿದ್ರು,” ಎಂದಳು. “ಬೆಚ್ಚಗಿದ್ರೆ ನಡುಕ ಹೋಗುತ್ತೆ ಅಂತ.”

“ಮಗಳೇ—”

“ನಂಗೆ ಹೇಳ್ಬೇಡಿ. ನಂಗೆ ಹೇಳಿ ಏನು ಪ್ರಯೋಜನ? ಒಳಗೆ ಬನ್ನಿ. ಅವರಿಗೆ ಹೇಳಿ.”

ಗುಡಾರದೊಳಗೆ ಸವಾರರು ಚಾಪೆಯ ಮೇಲೆ ಸುತ್ತ ಕೂತು ಟೀ ಕುಡಿಯುತ್ತಿದ್ದರು, ಬಂದೂಕುಗಳು ಮಡಿಲಲ್ಲಿ ಅಡ್ಡಡ್ಡ. ನಡುವೆ ಹಮ್ಮಾದಿ, ಹರಿವಾಣದ ಮುಂದೆ. “ಬಾ ಬಾ ಮೇಸ್ತ್ರಿ, ನಿನ್ನ ಮೂಗು ಒಳ್ಳೇದು, ಟೀಗೆ ಸರಿಯಾಗಿ ಬರ್ತೀಯ,” ಎಂದ. ಬೂಶ್ತಾ ಕೂರಲಿಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ಚಾಪೆಯ ಮೇಲೆ ನಿಂತಿದ್ದ. ಯಾರದೋ ಕಣ್ಣು ಅವನ ಪಾದಕ್ಕೆ ಬಿದ್ದಾಗ ಕೆಳಗಿಳಿದು ಬಿಟ್ಟು ಮತ್ತೆ ಹತ್ತಿದ. ಗಂಟು ಬಿಚ್ಚಿ ಎರಡು ಮುಖಗಳನ್ನು ಬೆಳಕಿಗೆ ಹಿಡಿದು ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಬಿದ್ದುಹೋಗಿ ನಾಲ್ಕೇ ನಾಲ್ಕು ಉಳಿದಿದ್ದವು. ಎಣ್ಣೆ ತೆಗೀಲಿಲ್ಲ. ಅಂಟು ಹಿಡೀಲಿಲ್ಲ. ಗಾಳಿಯಲ್ಲೇ ಮುರೀತು. ನಾನು ಹೇಳ್ಲಿಲ್ಲ.

ಹಮ್ಮಾದಿ ಟೀ ಲೋಟವನ್ನು ನಿಧಾನವಾಗಿ ಹರಿವಾಣದಲ್ಲಿಟ್ಟ. “ಆರು ವರ್ಷ ಬೇಕಾಯ್ತೇನೋ,” ಎಂದ, “ನಿನ್ನ ಅಂಟು ಒಣಗೋಕೆ?”

ಯಾರೋ ಒಬ್ಬ ನಕ್ಕ, ನಡುವೆಯೇ ನಿಲ್ಲಿಸಿದ.

“ಹಾಗಾದ್ರೆ ಅಲ್ಲಾಲಣ್ಣನ ಕೈ ನಡುಗಿರಲೇ ಇಲ್ಲ?” ಎಂದು ಕೇಳಿದ ಬೂಜೆಮಾ, ತಂಡದಲ್ಲಿ ಎಲ್ಲರಿಗಿಂತ ದಪ್ಪನೆಯವನು.

ಇಲ್ಲ ಎಂದುಬಿಡಬೇಕೆಂದು ಬೂಶ್ತಾನಿಗೆ ಆಸೆಯಾಯಿತು. ಯಾಮ್ನಾ ಬಾಗಿಲ ಬಟ್ಟೆ ಹಿಡಿದು ನಿಂತಿದ್ದಳು. “ಅದು ನಂಗೊತ್ತಿಲ್ಲ,” ಎಂದ. “ನಾನು ಅವನ ಕೈ ನೋಡ್ಲಿಲ್ಲ. ನನ್ನ ಕೆಲಸಾನೇ ನೋಡ್ತಿದ್ದೆ. ಮುರಿದಿದ್ದು ಕೈಯಿಂದಲ್ಲ, ಅಷ್ಟು ಗೊತ್ತು.”

ಹಮ್ಮಾದಿ ಕಣ್ಣು ಮುಚ್ಚಿ ತುಟಿಯಲ್ಲೇ ಸತ್ತವನಿಗಾಗಿ ಫಾತಿಹಾ ಹೇಳಿ ಮುಖ ಸವರಿಕೊಂಡ, ಉಳಿದವರೂ ಸವರಿಕೊಂಡರು. ಆ ಕೈಗಳು ಮುಖದಿಂದ ಇಳಿದು ಮಡಿಲಿಗೆ ಬಂದವು. ಆಗ ಬೂಶ್ತಾ ನೋಡಿದ. ಒಬ್ಬೊಬ್ಬರ ಹೆಬ್ಬೆರಳೂ ಮೆಲ್ಲನೆ ಸರಿದು ಅವರವರ ಬಂದೂಕಿನ ಕತ್ತಿಗೆ ಹೋಗಿ ಒತ್ತಿ ನೋಡುತ್ತಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ. ಅವನ ಕಡೆ ಯಾರೂ ನೋಡುತ್ತಲೂ ಇರಲಿಲ್ಲ. ಆ ಹನ್ನೆರಡರಲ್ಲಿ ಒಂಬತ್ತು ಅವನ ಹಲಗೆಯ ಮೇಲೆ ಮಲಗಿ ಎದ್ದು ಬಂದವು. ಅವನ ಕಿವಿ ಬಿಸಿಯಾಯಿತು. ಬೈದಿದ್ದರೆ ತಲೆ ತಗ್ಗಿಸಬಹುದಿತ್ತು, ಹೊಡೆದಿದ್ದರೆ ಓಡಬಹುದಿತ್ತು. ಈ ಹೆಬ್ಬೆರಳುಗಳ ಮುಂದೆ ಮಾಡುವಂಥದ್ದು ಒಂದೇ ಇತ್ತು. ಚಾಪೆಯ ಅಂಚಿಗೆ ಕೂತ.

“ಕೊಡಿ,” ಎಂದ, “ಒಂದೊಂದಾಗಿ.”

ಮೊದಲು ಹಮ್ಮಾದಿ ಕೊಟ್ಟ. ಬೂಶ್ತಾ ಕತ್ತಿಗೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಕೇಳಿದ. ಎರಡೂ ಕೈಯಲ್ಲಿ ಹಿಡಿದು ತಿರುಚಿದ. ಒಳಗಿನ ದನಿ ಗಟ್ಟಿಯಾಗಿತ್ತು. “ಸರಿ ಇದೆ.” ಮುಂದಿನದು. “ಸರಿ ಇದೆ.” ಮುಂದಿನದು. “ಇದು ನನ್ನ ಕೆಲಸ ಅಲ್ಲ, ಆದ್ರೂ ಸರಿ ಇದೆ.” ಬೂಜೆಮಾನದಕ್ಕೆ ಎರಡು ಸಲ ಕಿವಿ ಹಚ್ಚಿದ. “ಇದನ್ನ ಗುರುವಾರ ಹಾರಿಸ್ಬೇಡ.”

“ಮತ್ತೆ ಹಬ್ಬಕ್ಕೆ ನಾನೇನು ಪೊರಕೆ ಹಿಡ್ಕೊಂಡು ಹೋಗ್ಲಾ?”

“ಹೋಗು. ಪೊರಕೆ ತಡ ಮಾಡಲ್ಲ.”

ಈ ಸಲ ನಗೆ ನಡುವೆ ನಿಲ್ಲಲಿಲ್ಲ. ಆದರೆ ಬೂಜೆಮಾ ನಗಲಿಲ್ಲ. ಬಂದೂಕನ್ನು ವಾಪಸ್ಸು ತೆಗೆದುಕೊಳ್ಳುವಾಗ ಬೂಶ್ತಾನ ಬೆರಳು ತಾಗದ ಹಾಗೆ ತೆಗೆದುಕೊಂಡ. ಇನ್ನು ಎಷ್ಟು ವರ್ಷ ಹೀಗೆ ತೆಗೆದುಕೊಳ್ಳುತ್ತಾರೋ. ಬೂಶ್ತಾ ಮುಂದಿನದಕ್ಕೆ ಕೈ ಚಾಚಿದ.

ಹನ್ನೆರಡೂ ಮುಗಿದವು. ತಲೆ ಎತ್ತದೆ ಇನ್ನೊಂದಕ್ಕೆ ಕೈ ಚಾಚಿದಾಗ ಎದುರಿಗೆ ಬಂದದ್ದು ಬಂದೂಕಲ್ಲ. ಯಾಮ್ನಾ ಮಂಡಿಯೂರಿ ಕೂತು ಬಲಗೈಯನ್ನು ಅಂಗೈ ಕೆಳಗೆ ಮಾಡಿ ಅವನ ಮುಂದೆ ನೀಡಿದ್ದಳು. ಬೆರಳುಗಳು ನೆಟ್ಟಗಿದ್ದವು, ಉಗುರಿನಲ್ಲಿ ಮದ್ದಿನ ಮಸಿ.

“ಇದನ್ನೂ ನೋಡಿ.”

ಗುಡಾರದ ಬಟ್ಟೆ ಗಾಳಿಗೆ ಉಬ್ಬಿ ಇಳಿಯಿತು. ಬೂಶ್ತಾ ಮುಟ್ಟದೆ ನೋಡಿದ, ಮರವನ್ನು ನೋಡುವ ಹಾಗೆ, ಬಹಳ ಹೊತ್ತು. ಅಲ್ಲಾಲನ ಗೆಣ್ಣುಗಳೇ. ತೋರುಬೆರಳಿನ ತುದಿ ಸಣ್ಣಗೆ, ನೀರಿನ ಮೇಲಿನ ಎಲೆಯಂತೆ, ಅಲುಗುತ್ತಿತ್ತು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಸರಿ ಇದೆ ಎಂಬ ಮಾತು ನಾಲಗೆಯ ಮೇಲೆ ಸಿದ್ಧವಾಗಿತ್ತು.

“ನಡುಗ್ತಿದೆ,” ಎಂದ.

ಅವಳು ಕೈ ಹಿಂದೆಗೆಯಲಿಲ್ಲ.

“ಬೆಳಗ್ಗೆಯಿಂದ ಏನು ತಿಂದಿದೀಯ?”

ಅವಳು ಯೋಚಿಸಿದಳು. “ಟೀ.”

“ಕುದುರೆ?”

“ಅದಕ್ಕೆ ಬಾರ್ಲಿ ಹಾಕಿದೆ. ಎರಡು ಸೇರು.”

ಹಮ್ಮಾದಿ ರೊಟ್ಟಿಯ ಬುಟ್ಟಿಯನ್ನು ಚಾಪೆಯ ಮೇಲೆ ಅವಳ ಕಡೆಗೆ ತಳ್ಳಿದ.